ರಾಣಿಯ ಪಾರ್ಟು

ಫ್ರಾನ್ಸಿನ ಲಿಯೋನ್‌ನಲ್ಲಿ ನರರೋಗದ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ನಟಿಯೊಬ್ಬಳು ತನ್ನ ನಾಟಕದ ನಿರ್ದೇಶಕನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಮುನ್ನೂರು ವರ್ಷದ ಹಳೇ ಪದ್ಯ, ಗಿಲೆಮ್. ಸಾಲಿಗೆ ಹನ್ನೆರಡು ಅಕ್ಷರ. ನಿನ್ನೆ ನಾನು ಒಂದಾದ್ರೂ ತಪ್ಪಿದ್ನಾ?”

“ಇಲ್ಲ, ಸೊಲಾಂಜ್.”

“ಮತ್ಯಾಕೆ ಇಲ್ಲಿಗೆ ಎಳ್ಕೊಂಡ್ಬಂದೆ? ಇಪ್ಪತ್ತೆರಡು ವರ್ಷ ದಾಸಿಯಾಗಿ ನಿಂತೆ. ರಾಣಿ ಪಾರ್ಟು ಈಗ ಸಿಕ್ಕಿದೆ.”

“ರಾಣಿ ಸಾಯೋ ಮುಂಚಿನ ಮಾತನ್ನ ನೀನು ಮೂರು ಸಲ ಹೇಳ್ದೆ. ಮುಗಿಸೋದು, ಮತ್ತೆ ಮೊದಲಿಂದ ಶುರು ಮಾಡೋದು.”

“ಸುಳ್ಳು.”

“ಎಲ್ರೂ ನೋಡಿದ್ದಾರೆ.”

“ದಾಸಿ ಪಾರ್ಟಿನ ಹುಡುಗಿ, ಆ ಮಾರ್ಗೋ, ಅಳ್ತಾ ಇದ್ಲು. ಅಷ್ಟು ಚೆನ್ನಾಗಿ ಮಾಡ್ದೆ ಅಂದ್ಕೊಂಡೆ ಕಣೋ.”

“ಚೆನ್ನಾಗೇ ಮಾಡ್ದೆ. ಮೂರು ಸಲಾನೂ.”

ಅವಳು ಕೈಗವಸು ಕಳಚಿ ಚೀಲದೊಳಗೆ ಇಟ್ಟಳು.

“ಪಾರ್ಟು ಯಾರಿಗೆ ಕೊಡ್ತೀಯ?”

“ಮೊದ್ಲು ಡಾಕ್ಟ್ರು ಏನಂತಾರೋ ಕೇಳೋಣ.”

“ಗಿಲೆಮ್, ಯಾರಿಗೆ?”

“ಮಾರ್ಗೋಗೆ. ಬೆಳಿಗ್ಗೆ ಅವಳ ಉಡುಪಿಗೆ ಅಳತೆ ತಗೊಂಡ್ರು.”

ಅಷ್ಟರಲ್ಲಿ ನರ್ಸ್ ಅವಳ ಹೆಸರು ಕೂಗಿದಳು. ಸೊಲಾಂಜ್ ನೆಟ್ಟಗೆ ಎದ್ದು ನಿಂತಳು. ಅವನು ಕೂತೇ ಇದ್ದ.

“ನೀನೂ ಒಳಗೆ ಬಾ,” ಎಂದಳು. “ಅವರು ಹೇಳಿದ್ದು ನಂಗೆ ನೆನಪಿರಲ್ಲ.”

ಅವನು ಅವಳ ತೋಳು ಹಿಡಿದುಕೊಂಡ. ಇಬ್ಬರೂ ಒಳಗೆ ಹೋದರು.