ಗಟ್ಟಿಯಾದ ಗುಲಾಬಿ ಎಣ್ಣೆ

ಕಜಾನ್ಲಕ್ ಪಟ್ಟಣದ ಮೂಗಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದಾಗ ಎದುರು ಬೆಂಚಿನ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಇಬ್ಬರೂ ಗೊತ್ತಿದ್ದವರೇ. ದೋಬ್ರಿ ನಮ್ಮೂರ ಗುಲಾಬಿ ಭಟ್ಟಿಯಲ್ಲಿ ಎಣ್ಣೆಯ ವಾಸನೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವನು. ಚಳಿಗಾಲದ ಜ್ವರವೊಂದು ಬಂದುಹೋದ ಮೇಲೆ ಅವನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹೆಂಡತಿ ಝ್ಲಾತ್ಕಾ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವಳು ಚೀಲದಿಂದ ಗುಲಾಬಿ ಎಣ್ಣೆಯ ಪುಟ್ಟ ಸೀಸೆಯೊಂದನ್ನು ತೆಗೆದು ಅವನ ಕೈಗಿಟ್ಟಳು.

“ಚಳಿಗೆ ಗಟ್ಟಿಯಾಗಿಬಿಟ್ಟಿದೆ ಕಣೇ. ಇದ್ರಿಂದ ವಾಸನೆ ಬರುತ್ತಾ?”

“ಕಮ್ಮಿ. ಕಣಗಳೆಲ್ಲ ಒಂದನ್ನೊಂದು ಬಿಗಿಯಾಗಿ ಹಿಡ್ಕೊಂಡು ನಿಂತಲ್ಲೇ ನಡುಗ್ತಿರ್ತವೆ. ಅಂಗೈಲಿ ಇಟ್ಕೊಳ್ಳಿ.”

“ಹ್ಞಾ, ಕರಗ್ತಿದೆ.”

“ಈಗ ಒಂದರ ಪಕ್ಕ ಒಂದು ಜಾರಾಡ್ತಿವೆ. ಆದ್ರೂ ಗುಂಪು ಬಿಡಲ್ಲ.”

“ಯಾವಾಗ ಬಿಡ್ತವೆ?”

“ಮೇಲಿರೋ ಕೆಲವು ಆಗಲೇ ಬಿಟ್ಟಿವೆ. ಮುಚ್ಚಳ ತೆಗೀರಿ, ರೂಮೆಲ್ಲ ಹಾರಾಡ್ತವೆ.”

ಅವನು ತೆಗೆದ. ಸ್ವಲ್ಪ ಹೊತ್ತಿಗೆ ನನಗೆ ಗುಲಾಬಿ ಘಮ್ಮೆಂದಿತು.

“ನಂಗೇನೂ ಇಲ್ಲ.”

“ತಡೀರಿ. ಗಾಳೀಲಿ ಡಿಕ್ಕಿ ಹೊಡ್ಕೊಂಡು ಬರಬೇಕಲ್ಲ.”

“ಎದುರಿಗೆ ಕೂತಿರೋರ ಮೂಗೇ ಅರಳ್ತು. ನನ್ನ ಮೂಗೊಳಗೂ ಹೋಗಿರ್ತವೆ, ಅಲ್ವಾ?”

“ಹೋಗೇ ಇರ್ತವೆ.”

“ಬಂದ ನೆಂಟರನ್ನ ಮಾತಾಡಿಸೋರೇ ಇಲ್ಲ ನೋಡು, ಒಳಗೆ.”

ನರ್ಸ್ ಅವನ ಹೆಸರು ಕೂಗಿದಳು. ಎದ್ದ ದೋಬ್ರಿ ಸೀಸೆಯನ್ನು ಮತ್ತೊಮ್ಮೆ ಮೂಗಿಗೆ ಹಿಡಿದು ಹಾಗೇ ನಿಂತ.

“ಗುಲಾಬಿ ಅಲ್ಲ ಕಣೇ. ಒದ್ದೆ ಹುಲ್ಲಿನ ಥರ ಏನೋ ವಾಸನೆ.”

“ಹುಲ್ಲಾ? ನಿಜವಾಗ್ಲೂ?”

“ಹುಲ್ಲೇ.”

“ಡಾಕ್ಟರಿಗೆ ಮೊದಲು ಅದನ್ನೇ ಹೇಳಿ,” ಎಂದು ಝ್ಲಾತ್ಕಾ ಅವನ ತೋಳು ಹಿಡಿದು ಗಂಡನಿಗಿಂತ ಮುಂದಾಗಿ ಒಳಗೆ ನಡೆದಳು.