ತಾಳ ತರಬೇಡಿ

ಪಿರಿಯಾಪಟ್ಟಣದ ಬಸ್ಸು ತಪ್ಪಿಸಿಕೊಂಡ ಸಿಟ್ಟಿನಲ್ಲಿ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬಳು ಹುಡುಗಿ, ಒಬ್ಬರು ವಯಸ್ಸಾದ ಹೆಂಗಸು. ಹುಡುಗಿಯ ಕೈಯಲ್ಲಿ ದೇವರನಾಮದ ಗಾಯಕಿ ಮಂದಾಕಿನಿಯ ಹೊಸ ಕ್ಯಾಸೆಟ್ಟು.

“ಅಂಗಡಿಯವ್ರು ಬದಲಾಯಿಸಿ ಕೊಡ್ತೀನಿ ಅಂದ್ರು. ನೀನ್ಯಾಕೆ ಬ್ಯಾಡ ಅಂದೆ ದೊಡ್ಡವ್ವ?”

“ಇರ್ಲಿ ಬುಡು ಗೌತಮಿ.”

“ಏನ್ ಇರ್ಲಿ? ಪೂರ್ತಿ ಇಟಲಿ ಭಾಷೇಲಿ ಹಾಡವ್ಳೆ. ಭಜನೆ ಮನೇಲಿ ಎಲ್ರೂ ತಾಳ ಹಿಡ್ಕಂಡು ಕುಂತಿದ್ರು, ಜೊತೇಲಿ ಹಾಡಕ್ಕೆ ಒಬ್ರಿಗೂ ಬಾಯೇ ಬರ್ನಿಲ್ಲ.”

“ಫೋಟೋ ನೋಡಿ ತಂದವ್ಳು ನೀನೇ ಕಣವ್ವ.”

“ನಮ್ಮವ್ಳು ಅನ್ಕಂಡಿದ್ದೆ. ಈಗ ಯಾರ್‌ಯಾರಿಗೋ ಹಾಡ್ತಾವ್ಳೆ.”

ಹಿರಿಯಾಕೆ ಕ್ಯಾಸೆಟ್ಟಿನ ಮೇಲಿನ ಫೋಟೋ ಕಡೆ ಬಗ್ಗಿ ನೋಡಿದರು.

“ನೀವೆಲ್ಲ ಎದ್ದೋದ್ ಮೇಲೆ ನಾನೊಬ್ಳೇ ಕುಂತು ಕೇಳ್ದೆ. ಇಷ್ಟ್ ವರ್ಸ ಕ್ಯಾಸೆಟ್ಟಲ್ಲಿ ಅವ್ಳು ಬಾಯಿ ತೆಗೆಯೋದೇ ತಡ, ನಾವೂ ಶುರು ಮಾಡ್ಬುಡ್ತಿದ್ವಲ್ಲ?”

“ಭಜನೆ ಅಂದ್ರೆ ಅಂಗೇ ಅಲ್ವಾ?”

“ಅಂಗೇ. ಆದ್ರೆ ಅವ್ಳ ದನಿ ಎಂಗೈತೆ ಅಂತ ನಂಗೆ ಮೊನ್ನೇನೇ ಗೊತ್ತಾಗಿದ್ದು.”

“ಎಂಗೈತೆ?”

“ಮ್ಯಾಕೆ ಹೋದಾಗ ಒಂಚೂರು ನಡುಗ್ತದೆ ಕಣವ್ವ, ಅಳು ತಡ್ಕಂಡಂಗೆ. ಮೊದ್ಲಿಂದ್ಲೂ ನಡುಗ್ತಿತ್ತೋ ಏನೋ.”

ಗಾವಡಗೆರೆ ಬಸ್ಸು ಬಂತು. ಇಬ್ಬರೂ ಎದ್ದರು. ಹುಡುಗಿ ಕ್ಯಾಸೆಟ್ಟನ್ನು ಬ್ಯಾಗಿಗೆ ಹಾಕಿಕೊಂಡಳು.

“ಅಂಗಾದ್ರೆ ಶನಿವಾರ ಭಜನೆಗೆ ಇದ್ನೇ ಹಾಕನಾ?”

“ಬ್ಯಾಡ, ಅವ್ಳ ಹಳೇದ್ನೇ ಹಾಕು,” ಮೆಟ್ಟಿಲು ಹತ್ತುತ್ತಾ ಹಿರಿಯಾಕೆ ಹೇಳಿದರು. “ತಾಳ ಮಾತ್ರ ಯಾರೂ ತರ್ಬ್ಯಾಡಿ ಅನ್ನು.”