ಖಾಲಿ ಮನೆಯ ರಂಗೋಲಿ

"ಒಳಗೆ ಯಾರಾದ್ರೂ ಇದ್ದೀರವ್ವಾ?"

ಬೀಗ ಜಡಿದ ಬಾಗಿಲನ್ನು ಹೀಗೆ ಕೇಳಿ, ಉತ್ತರ ಬಾರದೆಂದು ತಿಳಿದೂ ಒಂದು ಗಳಿಗೆ ಕಾದು, ಆಮೇಲೆ ಆ ಮುದುಕಿ ರಂಗೋಲಿ ಹಾಕಲು ಕೂರುತ್ತಿದ್ದಳು. ಯಾರೂ ಇಲ್ಲದ ಮನೆಗೆ ರಂಗೋಲಿ ಯಾಕೆ ಅಂತೀರಾ? ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಊರಾಚೆ ದೊಡ್ಡ ಬಡಾವಣೆ ಮಾಡಿದ. ಕೊನೆಯ ಸಾಲಿನ ಮನೆಗಳನ್ನು ಬಡವರಿಗೆ, ಅವರ ಕೈಗೆಟುಕುವ ಬೆಲೆಗೆ ಕೊಡಬೇಕೆಂದು ಸರ್ಕಾರ ಷರತ್ತು ಹಾಕಿತ್ತು. ಆ ಷರತ್ತಿನ ಮೇಲೆ ಅಗ್ಗದ ಜಾಗ ಪಡೆದ, ಕಡಿಮೆ ಬಡ್ಡಿಯ ಸಾಲ ಪಡೆದ, ಮನೆಗಳನ್ನೂ ಕಟ್ಟಿಸಿದ. ಕೊಡಲಿಲ್ಲ! ಕೆಲವು ವರ್ಷ ಕಳೆದರೆ ಷರತ್ತು ಮುಗಿಯುತ್ತದೆ, ಉಳ್ಳವರಿಗೆ ಮಾರಬಹುದು. ಅಲ್ಲಿಯವರೆಗೆ, ತನಿಖೆಗೆ ಬರುವವರ ಕಣ್ಣಿಗೆ ಜನ ಇದ್ದಂತೆ ಕಾಣಬೇಕು. ನೋಡಿ, ಬಾಗಿಲಲ್ಲಿ ರಂಗೋಲಿ ಇದ್ದರೆ ಒಳಗೆ ಸಂಸಾರ ಇದೆ ಎಂದಲ್ಲವೇ ನಮ್ಮ ಲೆಕ್ಕ? ಸಾವಾದ ಮನೆಗೆ ಹಾಕುವುದಿಲ್ಲ, ಪಾಳು ಮನೆಗೆ ಹಾಕುವುದಿಲ್ಲ. ರಂಗೋಲಿ ಕಂಡ ಅಧಿಕಾರಿ ಜೀಪಿನಿಂದ ಇಳಿಯುತ್ತಲೂ ಇರಲಿಲ್ಲ.

ರಂಗೋಲಿ ಹಾಕುವ ಕೂಲಿಗೆಂದೇ ಈ ಮುದುಕಿ. ಆ ಗೋಡೆಗಳಿಗೆ ಗಾರೆ ಹೊತ್ತವಳೂ ಅವಳೇ. ಇರುವುದು ಮಾತ್ರ ಬಸುರಿ ಮಗಳ ಜೊತೆ, ಚರಂಡಿ ಪಕ್ಕ, ಟಾರ್ಪಾಲಿನ ಕೆಳಗೆ.

ಸಂಸಾರವಿರುವ ಮನೆಯ ರಂಗೋಲಿ ಮಧ್ಯಾಹ್ನದೊಳಗೆ ಕಾಲಿಗೆ ಸಿಕ್ಕಿ ಅಳಿಸುತ್ತದೆ. ಇಲ್ಲಿ ಸಂಜೆಗೂ ಒಂದು ಎಳೆ ಕದಲುತ್ತಿರಲಿಲ್ಲ. ಹೆಣಕ್ಕೆ ಸಿಂಗಾರ ಮಾಡಿದ ಹಾಗೆನಿಸುತ್ತಿತ್ತು ಅವಳಿಗೆ.

ಒಂದು ದಿನ ಕೇಳಿಯೇಬಿಟ್ಟಳು. "ಬುದ್ಧೀ, ಮಗಳಿಗೆ ದಿನ ತುಂಬೈತೆ. ಬಾಣಂತನ ಮುಗಿಯೋಗಂಟ ಒಂದು ಮನೆ ಬೀಗ ತೆಗೀರಿ. ಬಾಡಿಗೆ ನನ್ನ ಕೂಲೀಲಿ ಹಿಡ್ಕಳಿ."

ಶ್ರೀಮಂತ ನಕ್ಕ. "ಎಲ್ಲಾ ಮನೇಲೂ ಜನ ಇದಾರಲ್ಲಜ್ಜಿ! ರಂಗೋಲಿ ನೋಡ್ಲಿಲ್ವಾ?"

"ಜನ ಇದ್ಮೇಲೆ ಅವ್ರೇ ಹಾಕ್ಕತ್ತಾರೆ, ಬುಡಿ" ಎಂದು ಮುದುಕಿ ರಂಗೋಲಿ ಬಟ್ಟಲನ್ನು ಅವನ ಕಾಲ ಬಳಿಯಿಟ್ಟು ಹೊರಟಳು. ಒಂದೂವರೆ ಕೋಣೆಯಲ್ಲಿ ಬದುಕುತ್ತಿದ್ದ ಒಬ್ಬ ದರ್ಜಿ ಆ ಅರ್ಧ ಕೋಣೆಯನ್ನು ಅವಳ ಮಗಳಿಗೆ ಬಿಟ್ಟುಕೊಟ್ಟ.

ಮಾರನೆಯ ಬೆಳಿಗ್ಗೆ ಕೊನೆಯ ಸಾಲಿನ ಪ್ರತಿ ಬಾಗಿಲಲ್ಲೂ ರಂಗೋಲಿ! ಹಾಕಿದವರು ಯಾರು? ಯಾರೂ ಇಲ್ಲ. ಶ್ರೀಮಂತನ ಹೆಂಡತಿ ತನ್ನ ಮನೆ ಮುಂದೆ ಹಾಕಿ ತಲೆಯೆತ್ತುವಷ್ಟರಲ್ಲಿ ನೆಲ ಬೋಳು. ಮತ್ತೆ ಹಾಕಿದಳು, ಮತ್ತೆ ಬೋಳು. ಅತ್ತ ಬಂದ ಮುದುಕಿ ಕಣ್ಣಾರೆ ಕಂಡಳು: ಹಾಲಿನವನು ಆ ಗೇಟಿನ ಮುಂದೆ ಸೈಕಲ್ ನಿಧಾನಿಸಿ, "ಎಂಥಾ ಮನೆ, ಪಾಳು ಬಿಟ್ಟವ್ರಲ್ಲಾ" ಎಂದು ಮುಂದೆ ಹೋದ. ಕಿಟಕಿಯ ಸರಳು ಹಿಡಿದು ಶ್ರೀಮಂತ ಅರಚುತ್ತಿದ್ದ. "ಲೋ, ನಾವಿಲ್ಲೇ ಇದೀವಿ ಕಣೋ!" ಹಾಲಿನವನಿಗೆ ಕೇಳಿಸಲಿಲ್ಲ. ನೆಂಟರು ಬಂದರು, ನೋಡಿದರು, ತಿರುಗಿ ಹೋದರು. ಇಲ್ಲದವರನ್ನು ಕೂಗಿ ಕೂಗಿ ರೂಢಿಯಾದ ಮುದುಕಿಯ ಕಣ್ಣಿಗೆ ಮಾತ್ರ ಅವನು ಕಾಣುತ್ತಿದ್ದ.

ತಾಯಂದಿರೇ, ಅಣ್ಣಂದಿರೇ, ಬಡವರ ಪಾಲಿನ ಮನೆ ಬರೆಸಿಕೊಂಡು ಬೀಗ ಹಾಕಿದವರು ಈ ಸಭೆಯಲ್ಲಿ ಯಾರೂ ಇಲ್ಲವೇ? ಬಾಡಿಗೆಗೆ ಮನೆ ಕೇಳಿ ಬಂದವರ ಜಾತಿ ಕೇಳಿ, ಒಲೆಯ ಮೇಲೇನು ಬೇಯುತ್ತದೆಂದು ಕೇಳಿ, "ಆಗಲೇ ಕೊಟ್ಟಾಯ್ತು" ಎಂದವರು? ಹಕ್ಕಿಲ್ಲದ್ದನ್ನು ಹಿಂದಿರುಗಿಸಿ. ಖಾಲಿ ಇರುವುದರ ಬೀಗ ತೆಗೆಯಿರಿ. ನಾಳೆಯೇ ತೆಗೆಯಿರಿ. ಬೆಲೆ ಏರಲಿ ಎಂದು ಕಾಯಬೇಡಿ. ಕಾದವನ ಗತಿ ಏನಾಯಿತು, ನೋಡಿ.

ಅವನು ದರ್ಜಿಯ ಹೊಸ್ತಿಲಿಗೆ ಬಂದು ಕೈಮುಗಿದ. "ಅಜ್ಜೀ, ಒಂದೇ ಒಂದ್ಸಲ ನಮ್ಮನೆ ಮುಂದೆ ರಂಗೋಲಿ ಹಾಕು. ನಿನ್ನ ಕೈಯಿಂದ ಆದ್ರೂ ನಿಲ್ಲುತ್ತೇನೋ. ಯಾವ ಮನೆ ಬೇಕೋ ತಗೋ."

ಮುದುಕಿ ಮಡಿಲ ಕೂಸಿಗೆ ಸೆರಗು ಹೊದಿಸಿದಳು.

"ಹಾಕಾಕಿಲ್ಲ, ಬುದ್ಧೀ. ಯಾರೂ ಇಲ್ದಿರೋ ಮನೇಗೆ ಹಾಕೋದ ನಾನು ಬುಟ್ಟುಬುಟ್ಟಿವ್ನಿ."